ಸ್ಪೋರ್ಟ್ಸ್ ಕಾರು ಮನೆಗೆ ಬಂದ ಮೇಲೆ: ಬೆಂಗಳೂರಿನಲ್ಲಿ ಮೊದಲ ಕೆಲವು ತಿಂಗಳು

ಹೊಸ ಸ್ಪೋರ್ಟ್ಸ್ ಕಾರು ಕೊಂಡವರ ಮೊದಲ ಪ್ರಶ್ನೆಗಳು ಹೆಚ್ಚಾಗಿ ವೇಗದ ಸುತ್ತಲೇ ಇರುತ್ತವೆ. ಯಾವ ರಸ್ತೆಯಲ್ಲಿ ಓಡಿಸಬಹುದು, ಯಾವಾಗಿನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಬಹುದು ಎಂದು ಕೇಳುತ್ತಾರೆ. ಆದರೆ ಬೆಂಗಳೂರಿನಲ್ಲಿ ಇಂಥ ಕಾರಿಗೆ ವೇಗಕ್ಕಿಂತ ನಿಧಾನವೇ ಹೆಚ್ಚು ಪೆಟ್ಟು ಕೊಡುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ತೆವಳುವಾಗ ಕ್ಲಚ್ ಬಿಸಿಯಾಗುತ್ತದೆ, ಎಂಜಿನ್ ಆಯಿಲ್ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದುಹೋಗುತ್ತದೆ, ವಾರಗಟ್ಟಲೆ ಬೇಸ್‌ಮೆಂಟ್‌ನಲ್ಲಿ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಬಡಾವಣೆಯ ಹಂಪ್ ಕಾರಿನ ತಳವನ್ನು ಕೆರೆಯುತ್ತದೆ. ಆದ್ದರಿಂದ ಮೊದಲ ತಿಂಗಳುಗಳ ಕಾಳಜಿ ಈ ನಿಧಾನದ ಸುತ್ತಲೇ ಇರಬೇಕು.

ನೋಂದಣಿಗೆ ಮೊದಲು

ಕಾರನ್ನು ಪರೀಕ್ಷಿಸುವ ಸಮಯ ಡೆಲಿವರಿ ದಿನವಲ್ಲ. ಅದು ನಿಮ್ಮ ಹೆಸರಿಗೆ ನೋಂದಣಿಯಾಗುವ ಮೊದಲು. ಒಮ್ಮೆ ನೋಂದಣಿಯಾದ ಮೇಲೆ ಕಾರನ್ನು ಬದಲಿಸಿಕೊಡಿ ಎಂದು ಕೇಳುವುದು ಬಹಳ ಕಷ್ಟ. ಶೋರೂಮಿನ ದೀಪದ ಬೆಳಕಿನಲ್ಲಿ ಎಲ್ಲ ಬಣ್ಣವೂ ಚೆನ್ನಾಗಿ ಕಾಣುವುದರಿಂದ ಹಗಲು ಬೆಳಕಿನಲ್ಲಿ, ಕಾರು ತೊಳೆದು ಒಣಗಿದ ಮೇಲೆ ನೋಡಬೇಕು. ಟೈರಿನ ಪಕ್ಕದಲ್ಲಿ ತಯಾರಿಕೆಯ ದಿನಾಂಕವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 2325 ಎಂದಿದ್ದರೆ 2025ನೇ ವರ್ಷದ 23ನೇ ವಾರ ಎಂದು ಅರ್ಥ. ಲಾರಿಯಿಂದ ಇಳಿಸುವಾಗ ಮುಂದಿನ ಬಂಪರಿನ ಕೆಳ ಅಂಚು ಉಜ್ಜಿರುವ ಸಾಧ್ಯತೆ ಇರುತ್ತದೆ; ಮಂಡಿಯೂರಿ ಕುಳಿತು ಕೈಯಾಡಿಸಿ ನೋಡದ ಹೊರತು ಅದು ಕಾಣುವುದಿಲ್ಲ.

ತೆರಿಗೆಯ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್ ಸೇರಿದರೆ ಅದು ಶೇ 20ರ ಹತ್ತಿರ ಬರುತ್ತದೆ. ಅಂದರೆ ಒಂದು ಕೋಟಿ ರೂಪಾಯಿಯ ಕಾರಿಗೆ ಸುಮಾರು 20 ಲಕ್ಷ. ಇದನ್ನು ತಪ್ಪಿಸಲು ಕಡಿಮೆ ತೆರಿಗೆಯ ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ಇಲ್ಲೇ ಓಡಿಸುವ ಸಲಹೆಯನ್ನು ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದನ್ನು ಖಂಡಿತ ಒಪ್ಪಬೇಡಿ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳು ನಗರದಲ್ಲಿ ಹೊರರಾಜ್ಯ ನೋಂದಣಿಯ ಹಲವು ದುಬಾರಿ ಕಾರುಗಳನ್ನು ತೆರಿಗೆ ಕಟ್ಟಿಲ್ಲವೆಂದು ವಶಪಡಿಸಿಕೊಂಡಿದ್ದರು. 10 ಲಕ್ಷ ರೂಪಾಯಿಗೆ ಮೀರಿದ ಕಾರಿನ ಮೇಲೆ ಮಾರಾಟಗಾರರು ವಸೂಲು ಮಾಡುವ ಶೇ 1ರಷ್ಟು ಟಿಸಿಎಸ್ (ಮಾರಾಟದ ವೇಳೆಯೇ ಸಂಗ್ರಹಿಸುವ ತೆರಿಗೆ) ಮಾತ್ರ ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಅದರ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.

ವಿಮೆಯನ್ನು ಶೋರೂಮಿನವರು ತೋರಿಸಿದ ಮೊದಲ ಕಾಗದಕ್ಕೆ ಸಹಿ ಹಾಕಿ ಮುಗಿಸಬೇಡಿ. ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಪರಿಹಾರ ಕೊಡುವ ಜೀರೋ ಡೆಪ್ರಿಸಿಯೇಶನ್ ಬೇಕೇ ಬೇಕು. ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟವಾದ್ದರಿಂದ ಎಂಜಿನ್ ರಕ್ಷಣೆಯ ಆಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ, ಬೆಂಗಳೂರಿನಲ್ಲಿ ಅನಿವಾರ್ಯ. ಹೊಸ ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿ, ಎಕ್ಸ್ ಶೋರೂಂ ಬೆಲೆಯ ಶೇ 95ರ ಆಸುಪಾಸು ಇರುತ್ತದೆ. ತೆರಿಗೆಗೆ ಕಟ್ಟಿದ ಹಣ ಅದರಲ್ಲಿ ಸೇರಿರುವುದಿಲ್ಲ. ಕಾರು ಪೂರ್ತಿ ನಷ್ಟವಾದರೆ ಆ ಹಣವೂ ಮರಳಬೇಕೆಂದಿದ್ದರೆ ರಿಟರ್ನ್ ಟು ಇನ್‌ವಾಯ್ಸ್ ಎಂಬ ಆಡ್-ಆನ್ ಪಡೆಯಬೇಕು, ಮತ್ತು ಅದರಲ್ಲಿ ರಸ್ತೆ ತೆರಿಗೆ ಸೇರಿದೆಯೇ ಎಂದು ಓದಿ ಖಚಿತಪಡಿಸಿಕೊಳ್ಳಬೇಕು.

ಪೂಜೆ ಮತ್ತು ಪಿಪಿಎಫ್

ಪೂಜೆ ಮಾಡಿಸದೆ ಹೊಸ ವಾಹನವನ್ನು ರಸ್ತೆಗಿಳಿಸುವವರು ನಮ್ಮಲ್ಲಿ ಕಡಿಮೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಎದುರಿಗಾಗಲಿ ಮನೆಯ ಅಂಗಳದಲ್ಲಾಗಲಿ ಪೂಜೆ ನಡೆಯುವಾಗ ಕೆಲವು ಎಚ್ಚರಿಕೆಗಳಿರಲಿ. ಅರಿಸಿನ, ಕುಂಕುಮ, ಗಂಧವನ್ನು ಬಾನೆಟ್‌ನ ಬಣ್ಣದ ಮೇಲೆ ಹಚ್ಚುವ ಬದಲು ಗಾಜಿನ ಅಂಚಿಗೆ ಹಚ್ಚುವಂತೆ ಅರ್ಚಕರನ್ನು ಕೇಳಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಒದ್ದೆ ಕುಂಕುಮ ಬಿಸಿಲಿಗೆ ಒಣಗಿದರೆ ತಿಳಿ ಬಣ್ಣದ ಕಾರಿನ ಮೇಲೆ ಗುಲಾಬಿ ಕಲೆ ಉಳಿಯುತ್ತದೆ. ಹೂವಿನ ಹಾರ ಗಾಜಿನ ಮೇಲ್ಭಾಗದ ಕ್ಯಾಮೆರಾಗಳನ್ನಾಗಲಿ ಮುಂಭಾಗದ ಸೆನ್ಸರ್‌ಗಳನ್ನಾಗಲಿ ಮುಚ್ಚಿದರೆ ತುರ್ತು ಬ್ರೇಕಿನ ವ್ಯವಸ್ಥೆ ತಪ್ಪು ಸೂಚನೆ ಕೊಡಬಹುದು. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವಾಗ ಗಾಬರಿ ಬೇಡ: ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟು, ಎದುರಿಗೆ ಯಾರೂ ನಿಂತಿರದಂತೆ ನೋಡಿಕೊಂಡು, ಆಕ್ಸಿಲರೇಟರ್ ಮುಟ್ಟದೆ ಬ್ರೇಕನ್ನು ಸಡಿಲಿಸಿದರೆ ಆಟೊಮ್ಯಾಟಿಕ್ ಕಾರು ತಾನಾಗಿ ಮುಂದೆ ಉರುಳುತ್ತದೆ. ಇಂಥ ಕಾರಿನ ಆಕ್ಸಿಲರೇಟರ್ ಎಷ್ಟು ಸೂಕ್ಷ್ಮ ಎಂಬುದು ಮೊದಲ ದಿನ ಚಾಲಕನಿಗೂ ತಿಳಿದಿರುವುದಿಲ್ಲ.

ಬಣ್ಣವನ್ನು ಕಾಪಾಡುವ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಹಾಳೆಯನ್ನು ಮೊದಲ ವಾರದಲ್ಲೇ ಹಾಕಿಸಬೇಕು, ಏಕೆಂದರೆ ಹೆದ್ದಾರಿಯ ಒಂದೇ ಪ್ರಯಾಣದಲ್ಲಿ ಕಲ್ಲಿನ ಚೂರು ಸಿಡಿದ ಗುರುತುಗಳು ಬೀಳಬಹುದು. ಇಡೀ ಕಾರಿಗೆ ಹಾಕಿಸಲು ಹಣ ಸಾಲದಿದ್ದರೆ ಮುಂದಿನ ಬಂಪರ್, ಬಾನೆಟ್, ಕನ್ನಡಿಗಳು ಮತ್ತು ಹಿಂದಿನ ಚಕ್ರದ ಮುಂದಿರುವ ಅಗಲವಾದ ಭಾಗಕ್ಕೆ ಹಾಕಿಸಿದರೂ ಸಾಕು ಎಂಬುದು ನನ್ನ ಅಭಿಪ್ರಾಯ. ಸಿರಾಮಿಕ್ ಕೋಟಿಂಗ್ ಹೊಳಪು ಕೊಡುತ್ತದೆ, ತೊಳೆಯುವುದನ್ನು ಸುಲಭ ಮಾಡುತ್ತದೆ. ಕಲ್ಲಿನ ಏಟನ್ನು ಅದು ತಡೆಯುವುದಿಲ್ಲ.

ರನ್ನಿಂಗ್ ಇನ್: ಅವಸರಕ್ಕೆ ಜಾಗವಿಲ್ಲದ ಅವಧಿ

ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳೂ ಸಿಲಿಂಡರ್‌ನ ಒಳಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಈ ಅವಧಿಯೇ ರನ್ನಿಂಗ್ ಇನ್. ಆ ಗೋಡೆಯಲ್ಲಿ ಆಯಿಲ್ ಹಿಡಿದಿಡಲೆಂದೇ ಕೊರೆದ ಅತಿ ಸಣ್ಣ ಅಡ್ಡಗೀರುಗಳಿರುತ್ತವೆ. ರಿಂಗ್‌ಗಳು ಅವುಗಳ ಮೇಲೆ ಸವೆದು ಸರಿಯಾಗಿ ಕೂರಲು ಕೆಲವು ಸಾವಿರ ಕಿಲೊಮೀಟರ್ ಬೇಕು. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ನ ಹಲ್ಲುಗಳ ಕಥೆಯೂ ಇದೇ. ಪೋರ್ಶೆ ಕಂಪನಿ ತನ್ನ ಕಾರುಗಳಿಗೆ ಮೊದಲ 3,000 ಕಿ.ಮೀ. ಅವಧಿಯನ್ನು ಸೂಚಿಸುತ್ತದೆ, ಹಲವು ಮಾದರಿಗಳ ಕೈಪಿಡಿಯಲ್ಲಿ ಆ ಅವಧಿಯಲ್ಲಿ 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಮೀರಬೇಡಿ ಎನ್ನುತ್ತದೆ. ಬಿಎಂಡಬ್ಲ್ಯು ಎಂ ಕಾರುಗಳಿಗೆ 2,000 ಕಿ.ಮೀ. ಹೊತ್ತಿಗೆ ಪ್ರತ್ಯೇಕ ರನ್ನಿಂಗ್ ಇನ್ ಸರ್ವಿಸ್ ಇದೆ. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೆಯೋ ಅದೇ ಅಂತಿಮ. ಸ್ನೇಹಿತರ ಮಾತಿಗಿಂತ ಅದು ಮೇಲು.

ಆರ್‌ಪಿಎಂ ಕಡಿಮೆ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಹೊಸ ಎಂಜಿನ್‌ಗೆ ಒಳ್ಳೆಯದಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ 100ರ ಮಿತಿಯಲ್ಲಿ ಹೋಗಿ ಬಂದರೆ ಕಿಲೊಮೀಟರ್ ಕೂಡುತ್ತದೆಯೇ ಹೊರತು ಎಂಜಿನ್ ಮೇಲಿನ ಹೊರೆ ಏರಿಳಿಯುವುದಿಲ್ಲ. ಇದಕ್ಕಿಂತ ಭಾನುವಾರ ಬೆಳಗಿನ ಜಾವ ಹೊಸಕೋಟೆ ದಾಟಿ ಕೋಲಾರದ ಕಡೆಗೋ ಕನಕಪುರದ ಕಡೆಗೋ ಹೊರಟು, ಗೇರ್ ಮೇಲೆ ಕೆಳಗೆ ಮಾಡುತ್ತ, ಮಿತಿಯೊಳಗೇ ವೇಗ ಹೆಚ್ಚಿಸಿ ತಗ್ಗಿಸಿ ಓಡಿಸುವುದು ಉತ್ತಮ. ನಂದಿಬೆಟ್ಟದ ವಾರಾಂತ್ಯದ ವಾಹನಗಳ ಸಾಲಿನಲ್ಲಿ ಏರುಹಾದಿಯಲ್ಲಿ ತೆವಳುವುದು ಮಾತ್ರ ಬೇಡ.

ಎಂಜಿನ್ ಬಿಸಿಯಾಗಿದೆಯೇ ಎಂದು ತಿಳಿಯಲು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ, ಮುಳ್ಳನ್ನು ನಂಬಬೇಡಿ. ಆಯಿಲ್ ತಾಪಮಾನ ನೋಡಿ. ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ಅದಕ್ಕಿಂತ ಬಹಳ ತಡವಾಗಿ 80–90 ಡಿಗ್ರಿ ತಲುಪುತ್ತದೆ. ಅಲ್ಲಿಯವರೆಗೆ ಎಂಜಿನ್ ಅರಚಿಸಬಾರದು. ಈ ನಿಯಮ ರನ್ನಿಂಗ್ ಇನ್ ಮುಗಿದ ಮೇಲೂ, ಕಾರು ನಿಮ್ಮ ಬಳಿ ಇರುವವರೆಗೂ ಅನ್ವಯಿಸುತ್ತದೆ. ಇಂದಿರಾನಗರದ ಮನೆಯಿಂದ ಎಂ.ಜಿ. ರಸ್ತೆಯವರೆಗೆ ಹೋಗಿ ನಿಲ್ಲಿಸುವಷ್ಟು ಚಿಕ್ಕ ಪ್ರಯಾಣಗಳಲ್ಲಿ ಆಯಿಲ್ ಬಿಸಿಯಾಗುವುದೇ ಇಲ್ಲ; ಅದರಲ್ಲಿ ಸೇರಿದ ತೇವ ಮತ್ತು ಪೆಟ್ರೋಲ್ ಆವಿಯಾಗದೆ ಉಳಿಯುತ್ತವೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಮೂವತ್ತು ನಲವತ್ತು ಕಿಲೊಮೀಟರ್ ಒಂದೇ ಸಮನೆ ಓಡಿಸಿ. ಹೊಸದರಲ್ಲಿ ಆಯಿಲ್ ಸ್ವಲ್ಪ ಹೆಚ್ಚು ಖರ್ಚಾಗುವುದು ಸಹಜ. ಹಲವು ಕಾರುಗಳಲ್ಲಿ ಅಳೆಯುವ ಕಡ್ಡಿಯೇ ಇರುವುದಿಲ್ಲವಾದ್ದರಿಂದ ಪರದೆಯ ಮೇಲೆ ಮಟ್ಟ ನೋಡುವುದನ್ನು ಕಲಿತು, ಸರಿಯಾದ ಗ್ರೇಡಿನ ಒಂದು ಲೀಟರ್ ಆಯಿಲ್ ಮನೆಯಲ್ಲಿಟ್ಟುಕೊಳ್ಳಿ.

ಬ್ರೇಕ್ ಮತ್ತು ಟೈರುಗಳಿಗೂ ಮೊದಲ ಕೆಲವು ನೂರು ಕಿಲೊಮೀಟರ್ ಪೂರ್ತಿ ಹಿಡಿತ ಬಂದಿರುವುದಿಲ್ಲ. ಮೊದಲ ಮಳೆಯ ರಸ್ತೆಯಲ್ಲಿ ಧೂಳೂ ಎಣ್ಣೆಯೂ ಸೇರಿ ಜಾರುವಾಗ ಇದು ವಿಶೇಷವಾಗಿ ನೆನಪಿರಬೇಕು.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಎರಡು ಕ್ಲಚ್‌ಗಳಿದ್ದು ತಾನಾಗಿ ಗೇರ್ ಬದಲಿಸುವ ವ್ಯವಸ್ಥೆ) ಇರುವ ಕಾರಾದರೆ ಟ್ರಾಫಿಕ್‌ನಲ್ಲಿ ಅಭ್ಯಾಸ ಬದಲಿಸಿಕೊಳ್ಳಬೇಕು. ಮುಂದಿನ ವಾಹನ ಒಂದಡಿ ಸರಿದಾಗಲೆಲ್ಲ ಬ್ರೇಕನ್ನು ಅರ್ಧ ಬಿಟ್ಟು ತೆವಳಿದರೆ ಕ್ಲಚ್ ಪ್ರತಿ ಸಲವೂ ಜಾರುತ್ತ ಬಿಸಿಯಾಗುತ್ತದೆ. ಬ್ರೇಕನ್ನು ಗಟ್ಟಿಯಾಗಿ ಹಿಡಿದು ನಿಂತು, ಒಂದು ಕಾರಿನಷ್ಟು ಜಾಗವಾದ ಮೇಲೆ ಸರಾಗವಾಗಿ ಮುಂದೆ ಹೋಗಿ. ಫ್ಲೈಓವರ್‌ನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬೇಡಿ. ಬ್ರೇಕನ್ನು ತಾನಾಗಿ ಹಿಡಿದಿಡುವ ಆಟೊ ಹೋಲ್ಡ್ ಇರುವುದು ಅದಕ್ಕಾಗಿಯೇ. ಹಿಂದಿನವರ ಹಾರ್ನ್ ಕೇಳಿಬರುತ್ತದೆ, ಕೇಳಿಬರಲಿ.

ಹಂಪ್, ರ್‍ಯಾಂಪ್, ಗುಂಡಿ

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಬಡಾವಣೆಗಳಲ್ಲಿ ಸಿಗುವ ಎಷ್ಟೋ ಹಂಪ್‌ಗಳು ಅದಕ್ಕಿಂತ ಬಹಳ ಕಿರಿದು ಮತ್ತು ಕಡಿದು. ಸ್ಪೋರ್ಟ್ಸ್ ಕಾರಿನ ತಳ ನೆಲದಿಂದ ಹೆಚ್ಚೆಂದರೆ 12–13 ಸೆಂ.ಮೀ. ಮೇಲಿರುತ್ತದೆ. ಮುಂಭಾಗ ಎತ್ತುವ ಲಿಫ್ಟ್ ವ್ಯವಸ್ಥೆ ಪೋರ್ಶೆ 911ರಲ್ಲಿ ಸುಮಾರು 4 ಸೆಂ.ಮೀ. ಎತ್ತರ ಕೊಡುತ್ತದೆ. ಕಾರು ಬುಕ್ ಮಾಡುವಾಗ ಬೇರೆ ಯಾವ ಆಯ್ಕೆಯನ್ನು ಬಿಟ್ಟರೂ ಬೆಂಗಳೂರಿನವರು ಇದನ್ನು ಬಿಡಬಾರದು.

ಲಿಫ್ಟ್ ಇಲ್ಲದವರು ಹಂಪ್ ದಾಟುವ ಕ್ರಮ ಹೀಗಿರಲಿ. ಮೊದಲೇ ವೇಗ ತಗ್ಗಿಸಿ, ಚಕ್ರ ಹಂಪ್ ಮುಟ್ಟುವ ಮುಂಚೆ ಬ್ರೇಕ್ ಪೂರ್ತಿ ಬಿಟ್ಟುಬಿಡಿ. ಬ್ರೇಕ್ ಹಿಡಿದಿದ್ದರೆ ಕಾರಿನ ಮೂತಿ ಬಾಗಿರುತ್ತದೆ, ಆ ಬೆರಳೆರಡರಷ್ಟು ಅಂತರವೇ ತಾಗುವುದಕ್ಕೆ ಕಾರಣವಾಗುತ್ತದೆ. ಬಳಿಕ ಓರೆಯಾಗಿ, ಒಂದು ಚಕ್ರ ಮೊದಲು ಹತ್ತುವಂತೆ ನಿಧಾನವಾಗಿ ದಾಟಿ. ಓರೆಯಾಗಿ ತಿರುಗುವ ಮುನ್ನ ಎರಡೂ ಕನ್ನಡಿ ನೋಡಿ, ಏಕೆಂದರೆ ಹಂಪ್‌ನ ಬದಿಯ ಸಂದಿಯಲ್ಲಿ ದ್ವಿಚಕ್ರ ವಾಹನ ನುಗ್ಗುವುದು ಇಲ್ಲಿ ನಿತ್ಯದ ನೋಟ.

ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ರ್‍ಯಾಂಪ್ ಅನ್ನು ಕಾರು ಬರುವ ಮೊದಲೇ ಪರೀಕ್ಷಿಸಿ. ರ್‍ಯಾಂಪ್ ಆರಂಭವಾಗುವ ಅಂಚು ಮತ್ತು ಕೊನೆಯಲ್ಲಿ ಚರಂಡಿಯ ಕಬ್ಬಿಣದ ಜಾಲರಿ ಇರುವ ತಗ್ಗು, ಇವೆರಡೇ ಕಡೆ ತಳ ತಾಗುತ್ತದೆ. ಮೊದಲ ಸಲ ಇಳಿಯುವಾಗ ಮನೆಯವರೊಬ್ಬರು ಹೊರಗೆ ನಿಂತು ಬಗ್ಗಿ ನೋಡುತ್ತ ಹೇಳಲಿ.

ಟೈರಿನ ಪಕ್ಕದ ಗೋಡೆ ತೀರ ಗಿಡ್ಡವಾದ್ದರಿಂದ ಗುಂಡಿಗೆ ಬಿದ್ದ ಏಟು ನೇರ ರಿಮ್‌ಗೆ ತಲುಪುತ್ತದೆ. ದೊಡ್ಡ ಗುಂಡಿಗೆ ಇಳಿದದ್ದು ಗೊತ್ತಾದರೆ ಅಂದೇ ಚಕ್ರದ ಒಳಬದಿಯಲ್ಲಿ ಕೈಯಾಡಿಸಿ. ಅಂಗೈಗೆ ಗುಳ್ಳೆಯಂತೆ ಉಬ್ಬು ಸಿಕ್ಕರೆ ಒಳಗಿನ ದಾರಗಳು ಹರಿದಿವೆ ಎಂದು ತಿಳಿಯಬೇಕು. ಆ ಟೈರನ್ನು ಬದಲಿಸಲೇಬೇಕು, ಅದಕ್ಕೆ ಪ್ಯಾಚ್ ಇಲ್ಲ. ಇಂಥ ಕಾರುಗಳಲ್ಲಿ ಹೆಚ್ಚಾಗಿ ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಅಂಗಡಿಗೆ ಹೋಗಬೇಕಾದರೆ ಜಾಕ್ ಕೊಡುವ ನಾಲ್ಕು ಜಾಗಗಳನ್ನು ನೀವೇ ತೋರಿಸಿ, ಜಾಕಿನ ಮೇಲಿಡುವ ರಬ್ಬರ್ ಪ್ಯಾಡ್ ಮತ್ತು ಚಕ್ರದ ಲಾಕ್ ಬೋಲ್ಟ್ ಬಿಚ್ಚುವ ಅಡಾಪ್ಟರ್ ಕಾರಿನಲ್ಲೇ ಇರಲಿ. ಟೋ ಮಾಡಿಸುವುದಾದರೆ ಕಾರನ್ನು ಪೂರ್ತಿ ಮೇಲೇರಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕೇಳಿ.

ಮಳೆ ಬಂದಾಗ

2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರ ವರ್ತುಲ ರಸ್ತೆಯ ಸುತ್ತಲಿನ ಶ್ರೀಮಂತ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದವು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರಿಗೆ ಸಿಲುಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರು ನಿಂತ ಅಂಡರ್‌ಪಾಸ್‌ಗೆ ಯಾವ ಕಾರನ್ನೂ ಇಳಿಸಬಾರದು. ತಗ್ಗು ಕಾರನ್ನಂತೂ ಯೋಚನೆಯನ್ನೂ ಮಾಡದೆ ಹಿಂದಕ್ಕೆ ತಿರುಗಿಸಬೇಕು. ಎಂಜಿನ್ ಸಿಲಿಂಡರ್‌ಗೆ ನೀರು ಹೊಕ್ಕರೆ ಅದು ಗಾಳಿಯಂತೆ ಕುಗ್ಗದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡುವ ಪ್ರಯತ್ನ ಬೇಡ. ಮೊದಲು ಎಲ್ಲರೂ ಕಾರಿನಿಂದ ಹೊರಬನ್ನಿ, ಅನಂತರ ವಿಮಾ ಕಂಪನಿಗೆ ತಿಳಿಸಿ. ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಗೆ ಪರಿಹಾರ ನಿರಾಕರಿಸಲು ಅವರಿಗೆ ಅದೇ ಕಾರಣವಾಗಬಹುದು.

ನಿಂತ ಕಾರಿನ ಆರೈಕೆ

ಹತ್ತು ಹದಿನೈದು ದಿನ ಓಡಿಸದೆ ನಿಲ್ಲಿಸುವವರು ಬ್ಯಾಟರಿ ಇಳಿಯದಂತೆ ಕಾಯುವ ಮೆಯಿಂಟೆನರ್ ಚಾರ್ಜರ್ ಕೊಳ್ಳಲೇಬೇಕು. ಅಲಾರಂ, ಕೀಲಿಗಾಗಿ ಕಾಯುವ ರಿಸೀವರ್ ಎಲ್ಲವೂ ಕಾರು ನಿಂತಾಗಲೂ ವಿದ್ಯುತ್ ಎಳೆಯುತ್ತಿರುತ್ತವೆ. ಕೆಲವು ಕಾರುಗಳಲ್ಲಿ ಬ್ಯಾಟರಿ ಇರುವ ಮುಂಭಾಗದ ಮುಚ್ಚಳವೇ ವಿದ್ಯುತ್‌ನಿಂದ ತೆರೆಯುತ್ತದೆ. ಬ್ಯಾಟರಿ ಪೂರ್ತಿ ಇಳಿದರೆ ಮುಚ್ಚಳ ತೆರೆಯದು, ಮುಚ್ಚಳ ತೆರೆಯದೆ ಬ್ಯಾಟರಿ ಸಿಗದು. ಇದಕ್ಕೆ ಫ್ಯೂಸ್ ಬಾಕ್ಸ್‌ನಲ್ಲಿ ತುರ್ತು ಸಂಪರ್ಕದ ತುದಿಯೊಂದನ್ನು ಕೊಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ಡೆಲಿವರಿ ದಿನವೇ ತೋರಿಸಿಕೊಳ್ಳಿ. ಬೇಸ್‌ಮೆಂಟ್‌ನಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ನಿಮ್ಮ ಮೀಟರಿನಿಂದ ಲೈನ್ ಎಳೆಸಿಕೊಳ್ಳಲು ಅಸೋಸಿಯೇಷನ್‌ನ ಲಿಖಿತ ಅನುಮತಿ ಕೇಳಿ. ಇಲಿಗಳು ವೈರ್ ಕಡಿಯುವುದು ನಮ್ಮ ಬೇಸ್‌ಮೆಂಟ್‌ಗಳ ಹಳೆಯ ಪಿಡುಗು, ಬಾನೆಟ್ ತೆರೆದು ವಾರಕ್ಕೊಮ್ಮೆ ಕಣ್ಣಾಡಿಸಿ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಎಷ್ಟು ಆಕ್ಟೇನ್ ಬೇಕೆಂದು ಬರೆದಿರುತ್ತದೆ. ಅದಕ್ಕೆ ತಕ್ಕ ಇಂಧನ ಸಿಗುವ ಬಂಕನ್ನು ಗೊತ್ತುಮಾಡಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅದು ಕಾರಿನ ದೋಷವಲ್ಲ.

ಎಕ್ಸಾಸ್ಟ್ ಬದಲಿಸುವ ಆಸೆಯನ್ನು ಕೈಬಿಡಿ. ಮೋಟಾರು ವಾಹನ ಕಾಯ್ದೆಯಡಿ ಅದು ದಂಡನೀಯ, ವಾರಂಟಿಗೂ ತೊಂದರೆ, ಮಲಗಿದ ಬೀದಿಗಂತೂ ಹಿಂಸೆ. ರನ್ನಿಂಗ್ ಇನ್ ಮುಗಿದ ಮೇಲೆ ಕಾರಿನ ಪೂರ್ತಿ ಶಕ್ತಿ ಅರಿಯಬೇಕೆನ್ನುವವರು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗಳಲ್ಲಿ ನಡೆಯುವ ಟ್ರ್ಯಾಕ್ ದಿನಗಳಿಗೆ ಹೋಗಬಹುದು. ಸಾಮಾನ್ಯ ವಿಮಾ ಪಾಲಿಸಿ ರೇಸ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಡುವುದರಿಂದ ಅಲ್ಲಿ ಆಗುವ ಹಾನಿ ನಿಮ್ಮದೇ ಖರ್ಚು.

ಮೊದಲ ಸರ್ವಿಸ್

ಕಂಪನಿ ಹೇಳಿದ ಕಿಲೊಮೀಟರ್ ಆಗದಿದ್ದರೂ ಹೇಳಿದ ತಿಂಗಳು ತುಂಬಿದರೆ ಸರ್ವಿಸ್‌ಗೆ ಬಿಡಬೇಕು. ಎರಡರಲ್ಲಿ ಯಾವುದು ಮೊದಲೋ ಅದೇ ಲೆಕ್ಕ. ಕಾರನ್ನು ಲಿಫ್ಟ್ ಮೇಲೇರಿಸಿದಾಗ ನೀವೂ ಪಕ್ಕದಲ್ಲಿ ನಿಂತು ತಳದ ಮುಚ್ಚಿಗೆಗಳು, ಬಂಪರಿನ ಕೆಳ ಅಂಚು, ನಾಲ್ಕೂ ಟೈರಿನ ಒಳಬದಿ ನೋಡಿ, ಕಂಡ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಅಳತೆಯ ಮುದ್ರಿತ ಹಾಳೆಯನ್ನು ಕೇಳಿ. ಹಾಕಿದ ಆಯಿಲ್‌ನ ಗ್ರೇಡ್ ಬಿಲ್ಲಿನಲ್ಲಿ ನಮೂದಾಗಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ಓದಿ ನೋಡಿ, ಬಿಲ್ಲನ್ನು ಆರ್‌ಸಿ, ವಿಮೆಯ ಕಾಗದಗಳ ಜೊತೆ ಒಂದೇ ಫೈಲಿನಲ್ಲಿಡಿ. ಮುಂದೆ ವಾರಂಟಿ ವಿಸ್ತರಿಸುವಾಗ ಇವನ್ನೇ ಕೇಳುತ್ತಾರೆ.