ಪೈಥಾನ್‌ನಲ್ಲಿ ಲಿಸ್ಟ್ ಅಸೈನ್ ಮಾಡಿದರೆ ಆಗುವುದೇನು? ನೀವೇ ಪರೀಕ್ಷಿಸಿ ನೋಡುವ ಕ್ರಮ

ಭಾಂಡುಪ್, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರ ಮನೆಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಹುಡುಗ ಹುಡುಗಿಯರಿಗೆ ಈಗ ಕೊರತೆಯಿಲ್ಲ. ಕಾಲೇಜಿನ ಐಟಿ ಪಠ್ಯಕ್ಕಾಗಿ ಕಲಿಯುವವರಿದ್ದಾರೆ. ಕಚೇರಿಯ ಎಕ್ಸೆಲ್ ಹಾಳೆಗಳ ಕೆಲಸ ಬೇಗ ಮುಗಿಯಲೆಂದು ಕಲಿಯುವವರೂ, ತಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಅಚ್ಚುಕಟ್ಟಾಗಿ ಇಡಬೇಕೆಂದು ಕಲಿಯುವವರೂ ಇದ್ದಾರೆ. ಇವರೆಲ್ಲರಿಗೂ ಆರಂಭದಲ್ಲೇ ಎದುರಾಗುವ ತೊಡಕು ಒಂದಿದೆ: ಒಂದು ಲಿಸ್ಟನ್ನು (ಪಟ್ಟಿಯನ್ನು) ಇನ್ನೊಂದು ಹೆಸರಿಗೆ ಅಸೈನ್ ಮಾಡಿ (ಸಮಚಿಹ್ನೆಯಿಂದ ಕೊಟ್ಟು), ಆ ಎರಡನೆಯದನ್ನು ತಿದ್ದಿದಾಗ ಮೊದಲನೆಯದೂ ಬದಲಾಗಿಬಿಡುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ, ಪ್ರೋಗ್ರಾಂ ಸರಾಗವಾಗಿ ಓಡಿ ಮುಗಿಯುತ್ತದೆ, ಲೆಕ್ಕ ಮಾತ್ರ ತಪ್ಪಿರುತ್ತದೆ. ಇದನ್ನು ಪುಸ್ತಕದಿಂದ ಬಾಯಿಪಾಠ ಮಾಡುವುದಕ್ಕಿಂತ ಪರೀಕ್ಷೆ ಬರೆದು ಕಣ್ಣಾರೆ ಕಾಣುವುದು ಮೇಲು. ಆ ಪರೀಕ್ಷೆಯಲ್ಲಿ ನೋಡಬೇಕಾದದ್ದು ನಾವು ತಿದ್ದಿದ ಲಿಸ್ಟನ್ನಷ್ಟೇ ಅಲ್ಲ, ಮುಟ್ಟದೆ ಬಿಟ್ಟ ಲಿಸ್ಟನ್ನು ಕೂಡ ಎಂಬುದೇ ಈ ಲೇಖನದ ಮುಖ್ಯ ಮಾತು.

ಸಿದ್ಧತೆ

ಪೈಥಾನ್ 3ರ ಯಾವುದೇ ಈಚಿನ ಆವೃತ್ತಿ ಸಾಕು. ಇಲ್ಲಿ ಭಾಷೆಯ ಆದೇಶಗಳನ್ನು ಉಚ್ಚಾರಕ್ಕೆ ಅನುಗುಣವಾಗಿ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷಿನಲ್ಲೇ, ಹೆಚ್ಚಾಗಿ ಸಣ್ಣಕ್ಷರಗಳಲ್ಲಿ, ಟೈಪ್ ಮಾಡಬೇಕು. ವೇರಿಯಬಲ್‌ಗಳ ಹೆಸರನ್ನು ಮಾತ್ರ ಇಲ್ಲಿರುವಂತೆ ಕನ್ನಡದಲ್ಲೇ ಇಡಬಹುದು. 2008ರಲ್ಲಿ ಬಂದ ಪೈಥಾನ್ 3.0 ಆವೃತ್ತಿಯಿಂದ ಈಚೆಗೆ ಭಾಷೆಯೇ ಅದಕ್ಕೆ ಅವಕಾಶ ಕೊಟ್ಟಿದೆ. ಒಂದು ಎಚ್ಚರಿಕೆ ಇರಲಿ: ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಸೇರದಂತೆ ತಡೆಯಲು ಕನ್ನಡ ಕೀಲಿಮಣೆಗಳು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುವುದುಂಟು. ವೇರಿಯಬಲ್ ಹೆಸರಿನೊಳಗೆ ಅದು ನುಸುಳಿದರೆ ಪೈಥಾನ್ ಆ ಸಾಲನ್ನು ಸ್ವೀಕರಿಸುವುದಿಲ್ಲ.

ಪರೀಕ್ಷೆಗೆ ಬೇಕಾದ ಸಾಧನ 'ಅಸರ್ಟ್' ಎಂಬ ಒಂದೇ ಆದೇಶ. ಅದರ ಮುಂದೆ ಬರೆದ ಮಾತು ನಿಜವಾದರೆ ಅದು ಸುಮ್ಮನಿರುತ್ತದೆ, ಸುಳ್ಳಾದರೆ ಪ್ರೋಗ್ರಾಂ ಅಲ್ಲಿಯೇ ನಿಂತು ಸಾಲಿನ ಸಂಖ್ಯೆಯನ್ನು ತೋರಿಸುತ್ತದೆ. ಅಸರ್ಟ್‌ನ ಷರತ್ತನ್ನೂ, ಅದರ ಬಳಿಕ ಬೇಕಿದ್ದರೆ ಸೇರಿಸುವ ದೋಷಸಂದೇಶವನ್ನೂ ಒಟ್ಟಾಗಿ ಒಂದೇ ಆವರಣದೊಳಗೆ ಹಾಕಬೇಡಿ. ಹಾಗೆ ಹಾಕಿದರೆ ಅದು ಎರಡು ಅಂಶಗಳಿರುವ ಟ್ಯೂಪಲ್ (ತಿದ್ದಲಾಗದ ಪಟ್ಟಿ) ಆಗುತ್ತದೆ, ಖಾಲಿಯಲ್ಲದ ಟ್ಯೂಪಲ್ ಯಾವಾಗಲೂ ನಿಜವೆಂದೇ ಎಣಿಕೆಯಾಗುವುದರಿಂದ ಆ ಪರೀಕ್ಷೆ ಎಂದೂ ಸೋಲುವುದಿಲ್ಲ.

ಮೊದಲ ಪರೀಕ್ಷೆ: ಸ್ಲೋ ಮತ್ತು ಫಾಸ್ಟ್

ಮುಂಬಯಿಯವರಿಗೆ ವಿವರಿಸಬೇಕಿಲ್ಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ದಾದರ್ ಬಿಟ್ಟ ಮೇಲೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ; ಫಾಸ್ಟ್ ಲೋಕಲ್ ಮಾಟುಂಗ, ಸಾಯನ್‌ಗಳನ್ನು ಬಿಟ್ಟು ಕುರ್ಲಾಕ್ಕೆ ಹೋಗುತ್ತದೆ. ಸ್ಲೋ ಪಟ್ಟಿಯಿಂದ ಫಾಸ್ಟ್ ಪಟ್ಟಿಯನ್ನು ತಯಾರಿಸಲು ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

ಸ್ಲೋ = ["ದಾದರ್", "ಮಾಟುಂಗ", "ಸಾಯನ್", "ಕುರ್ಲಾ", "ವಿದ್ಯಾವಿಹಾರ", "ಘಾಟ್ಕೋಪರ್"]
ಫಾಸ್ಟ್ = ಸ್ಲೋ
ಫಾಸ್ಟ್.ರಿಮೂವ್("ಮಾಟುಂಗ")
ಫಾಸ್ಟ್.ರಿಮೂವ್("ಸಾಯನ್")
ಫಾಸ್ಟ್.ರಿಮೂವ್("ವಿದ್ಯಾವಿಹಾರ")

ಇದನ್ನು ಓಡಿಸುವ ಮೊದಲು, ಕೊನೆಯಲ್ಲಿ 'ಸ್ಲೋ' ಎಂಬುದರಲ್ಲಿ ಎಷ್ಟು ನಿಲ್ದಾಣಗಳು ಉಳಿದಿರುತ್ತವೆ ಎಂಬ ನಿಮ್ಮ ನಿರೀಕ್ಷೆಯನ್ನು ಅಸರ್ಟ್ ಸಾಲಾಗಿ ಬರೆಯಿರಿ. ಈ ಕ್ರಮವನ್ನು ತಪ್ಪಿಸಬಾರದು. ಉತ್ತರವನ್ನು ನೋಡಿದ ಮೇಲೆ ಬರೆದ ನಿರೀಕ್ಷೆ ಪರೀಕ್ಷೆಯಾಗುವುದಿಲ್ಲ, ನಕಲಾಗುತ್ತದೆ. ಆರು ನಿಲ್ದಾಣಗಳೆಂದು ಬರೆದವರ ಪರೀಕ್ಷೆ ಸೋಲುತ್ತದೆ. ಸ್ಲೋ ಪಟ್ಟಿಯಲ್ಲೂ ದಾದರ್, ಕುರ್ಲಾ, ಘಾಟ್ಕೋಪರ್ ಮೂರೇ ಉಳಿದಿರುತ್ತವೆ.

ಕಾರಣ ಇಷ್ಟು. ಪೈಥಾನ್‌ನಲ್ಲಿ ಸಮಚಿಹ್ನೆಯ ಎಡಗಡೆ ಬರೀ ಹೆಸರಿದ್ದರೆ, ಬಲಗಡೆ ಇರುವ ವಸ್ತುವಿಗೆ ಆ ಹೆಸರು ಅಂಟುತ್ತದೆ, ವಸ್ತುವಿನ ಪ್ರತಿ ತಯಾರಾಗುವುದಿಲ್ಲ. ಒಂದೇ ಲಿಸ್ಟಿಗೆ ಈಗ ಎರಡು ಹೆಸರುಗಳಿವೆ. ಜಾವಾಸ್ಕ್ರಿಪ್ಟ್‌ನ ಅರೇಗಳೂ (ಲಿಸ್ಟಿನಂಥವು) ಹೀಗೆಯೇ ನಡೆದುಕೊಳ್ಳುತ್ತವೆ. ಆದರೆ ಪರ್ಲ್ ಭಾಷೆಯಲ್ಲಿ ಒಂದು ಅರೇಯನ್ನು ಇನ್ನೊಂದಕ್ಕೆ ಅಸೈನ್ ಮಾಡಿದರೆ ಅಂಶಗಳು ಪ್ರತಿಯಾಗುತ್ತವೆ. ಪಿಎಚ್‌ಪಿಯಲ್ಲೂ ಅರೇಯ ಅಸೈನ್‌ಮೆಂಟ್ ಪ್ರತಿಯಂತೆಯೇ ವರ್ತಿಸುತ್ತದೆ. ಆ ಭಾಷೆಗಳಲ್ಲಿ ಕೈ ಪಳಗಿಸಿಕೊಂಡು ಪೈಥಾನ್‌ಗೆ ಬರುವವರು ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿ ನೋಡುವುದು ಒಳ್ಳೆಯದು.

ಸಮಾನವೇ, ಅದೇ ವಸ್ತುವೇ?

ಲಿಸ್ಟುಗಳ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು. ಎರಡರಲ್ಲೂ ಇರುವ ಅಂಶಗಳು ಒಂದೇ ಆಗಿವೆಯೇ ಎಂದು ಜೋಡಿ ಸಮಚಿಹ್ನೆ ಕೇಳುತ್ತದೆ; ಎರಡೂ ಹೆಸರುಗಳು ಒಂದೇ ವಸ್ತುವನ್ನು ತೋರುತ್ತಿವೆಯೇ ಎಂದು 'ಈಸ್' ಕೇಳುತ್ತದೆ. ಬರೀ ಹೆಸರು ಅಂಟಿಸಿದರೂ, ನಿಜವಾದ ಪ್ರತಿ ಮಾಡಿದರೂ, ಅಸೈನ್ ಆದ ಕೂಡಲೇ ಜೋಡಿ ಸಮಚಿಹ್ನೆಯ ಪರೀಕ್ಷೆ ಗೆಲ್ಲುತ್ತದೆ. ಆದ್ದರಿಂದ ಅದೊಂದನ್ನೇ ಬರೆದರೆ ಏನೂ ತಿಳಿದಂತಾಗಲಿಲ್ಲ. ಪ್ರತಿ ಆಗಿದೆಯೇ ಎಂದು ತಿಳಿಯಲು ಹೀಗೆ ಬರೆಯಬೇಕು (ಇಲ್ಲಿ [:] ಎಂಬ ಖಾಲಿ ಸ್ಲೈಸ್, ಅಂದರೆ ಅಂಚು ಹೇಳದ ತುಂಡು, ಇಡೀ ಲಿಸ್ಟಿನ ಪ್ರತಿಯನ್ನು ಕೊಡುತ್ತದೆ):

ಫಾಸ್ಟ್ = ಸ್ಲೋ[:]
ಅಸರ್ಟ್ ಫಾಸ್ಟ್ == ಸ್ಲೋ
ಅಸರ್ಟ್ ಫಾಸ್ಟ್ ಈಸ್ ನಾಟ್ ಸ್ಲೋ
ಫಾಸ್ಟ್.ಅಪೆಂಡ್("ಠಾಣೆ")
ಅಸರ್ಟ್ "ಠಾಣೆ" ನಾಟ್ ಇನ್ ಸ್ಲೋ

ಕೊನೆಯ ಸಾಲು ಮುಟ್ಟದ ಲಿಸ್ಟಿನ ಪರೀಕ್ಷೆ. ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯಂತ ಬೆಲೆಯುಳ್ಳ ಸಾಲು ಅದೇ. ವಸ್ತುವಿನ ಗುರುತನ್ನು 'ಐಡಿ' ಆದೇಶದಿಂದ ಅಂಕಿಯಾಗಿ ಪಡೆದು ಹೋಲಿಸುವವರೂ ಇದ್ದಾರೆ. ಆದರೆ ಬಳಕೆ ಮುಗಿದು ಅಳಿದ ವಸ್ತುವಿನ ಅಂಕಿ ಹೊಸ ವಸ್ತುವಿಗೆ ಮತ್ತೆ ಸಿಗಬಹುದಾದ್ದರಿಂದ, 'ಈಸ್' ಬಳಸುವುದೇ ಸುರಕ್ಷಿತ.

ಖಾಲಿ ಸ್ಲೈಸಿನ ಬದಲು 'ಲಿಸ್ಟ್' ಎಂದು ಕರೆದರೂ, 2012ರ 3.3 ಆವೃತ್ತಿಯಲ್ಲಿ ಲಿಸ್ಟುಗಳಿಗೆ ಸೇರಿದ 'ಕಾಪಿ' ಮೆಥಡ್ (ಹೆಸರಿನ ಮುಂದೆ ಚುಕ್ಕೆಯಿಟ್ಟು ಬರೆಯುವ ಆದೇಶ) ಬಳಸಿದರೂ ಫಲ ಒಂದೇ. ಓದಲು ಸುಲಭವಾದದ್ದನ್ನು ಆರಿಸಿಕೊಳ್ಳಿ.

ಲಿಸ್ಟಿನೊಳಗೆ ಲಿಸ್ಟ್

ತೊಡಕು ಗಾಢವಾಗುವುದು ಇಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಶನಿವಾರ ಮತ್ತು ಭಾನುವಾರ ನಾಟಕವಿದೆ, ಆಸನಗಳ ಲೆಕ್ಕವನ್ನು ನೀವು ಇಡಬೇಕು ಎಂದುಕೊಳ್ಳಿ. ಖಾಲಿ ಆಸನಕ್ಕೆ 0, ಕಾದಿರಿಸಿದ ಆಸನಕ್ಕೆ 1. ಪ್ರತಿ ಸಾಲೂ ಒಂದು ಲಿಸ್ಟ್. ಉದಾಹರಣೆಗೆ ಎರಡೇ ಸಾಲು ಸಾಕು (ಪೈಥಾನ್ ಸ್ಥಾನಗಳನ್ನು 0ಯಿಂದ ಎಣಿಸುತ್ತದೆ):

ಶನಿವಾರ = [[0, 0, 0], [0, 0, 0]]
ಭಾನುವಾರ = ಶನಿವಾರ[:]
ಭಾನುವಾರ[0][2] = 1

ಪ್ರತಿ ಮಾಡಿದ್ದೇವಲ್ಲ ಎಂಬ ಧೈರ್ಯದಿಂದ ಶನಿವಾರದ ಪಟ್ಟಿಯನ್ನು ಪ್ರಿಂಟ್ ಮಾಡಿದರೆ [[0, 0, 1], [0, 0, 0]] ಎಂದು ಬರುತ್ತದೆ. ಭಾನುವಾರದ ಪ್ರೇಕ್ಷಕರೊಬ್ಬರಿಗಾಗಿ ಶನಿವಾರದ ಆಸನವೂ ಹೋಯಿತು. ಸ್ಲೈಸ್ ಪ್ರತಿ ಮಾಡಿದ್ದು ಹೊರಗಿನ ಲಿಸ್ಟನ್ನು ಮಾತ್ರ. ಒಳಗಿನ ಸಾಲುಗಳು ಎರಡಕ್ಕೂ ಹಂಚಿಕೆಯಾಗಿ ಉಳಿದಿವೆ. ಈಗ ಇನ್ನೊಂದು ಆದೇಶವನ್ನು ಸೇರಿಸಿ ನೋಡಿ:

ಭಾನುವಾರ[1] = [1, 1, 1]

ಈ ಬಾರಿ ಶನಿವಾರದ ಎರಡನೆಯ ಸಾಲು ಬದಲಾಗುವುದಿಲ್ಲ. ಒಂದೇ ಪಟ್ಟಿ, ಒಂದೇ ಸಮಚಿಹ್ನೆ, ಆದರೂ ಒಂದು ಅಸೈನ್‌ಮೆಂಟ್ ಇನ್ನೊಂದು ದಿನಕ್ಕೆ ಸೋರಿತು, ಮತ್ತೊಂದು ಸೋರಲಿಲ್ಲ. ಮೊದಲನೆಯದು ಹಂಚಿಕೊಂಡ ಸಾಲಿನ ಒಳಗೆ ಕೈಹಾಕಿತು. ಎರಡನೆಯದು ಭಾನುವಾರದ ಹೊರಗಿನ ಲಿಸ್ಟಿನ ಒಂದು ಸ್ಥಾನದಲ್ಲಿ ಹೊಸ ಸಾಲನ್ನು ಕೂರಿಸಿತು. ಈ ಎರಡು ಆದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷೆ ಬರೆದವರಿಗೆ ಪೈಥಾನ್‌ನ ಅಸೈನ್‌ಮೆಂಟ್ ಬಗ್ಗೆ ಮುಕ್ಕಾಲು ಪಾಲು ತಿಳಿದಂತೆಯೇ. ಒಳಗಿನವೂ ಬೇರೆಯಾಗಬೇಕಿದ್ದರೆ 'ಕಾಪಿ' ಎಂಬ ಮಾಡ್ಯೂಲನ್ನು (ಸಿದ್ಧ ಆದೇಶಗಳ ಕಟ್ಟನ್ನು) ಇಂಪೋರ್ಟ್ ಮಾಡಿಕೊಂಡು ಅದರ 'ಡೀಪ್‌ಕಾಪಿ' ಬಳಸಬೇಕು. ಬಳಸಿದ ಮೇಲೆ ಶನಿವಾರದ ಪ್ರತಿ ಸಾಲೂ ಭಾನುವಾರದ ಸಾಲಿಗಿಂತ ಬೇರೆ ವಸ್ತುವೇ ಎಂದು 'ಈಸ್ ನಾಟ್' ಮೂಲಕ ಪರೀಕ್ಷಿಸಬೇಕು.

ಇದೇ ಜಾತಿಯ ಇನ್ನೊಂದು ಬಲೆ, ಆಸನಪಟ್ಟಿಯನ್ನು ಗುಣಾಕಾರದಿಂದ ತಯಾರಿಸುವುದು. [[0] * 3] * 4 ಎಂದು ಬರೆದರೆ ಕಣ್ಣಿಗೆ ನಾಲ್ಕು ಸಾಲುಗಳು ಕಾಣುತ್ತವೆ, ಆದರೆ ಅವು ಒಂದೇ ಸಾಲಿನ ನಾಲ್ಕು ಉಲ್ಲೇಖಗಳು. ಮೊದಲ ಸಾಲಿನ ಮೊದಲ ಆಸನಕ್ಕೆ 1 ಬರೆದರೆ ನಾಲ್ಕೂ ಸಾಲುಗಳ ಮೊದಲ ಆಸನ ತುಂಬಿಬಿಡುತ್ತದೆ. [[0] * 3 ಫಾರ್ ಸಾಲು ಇನ್ ರೇಂಜ್(4)] ಎಂದು ಬರೆದರೆ ಪ್ರತಿ ಸಾಲೂ ಹೊಸದಾಗಿ ಹುಟ್ಟುತ್ತದೆ.

ಸ್ಲೈಸಿಗೆ ಅಸೈನ್ ಮಾಡುವಾಗ

ಸಮಚಿಹ್ನೆಯ ಎಡಗಡೆ ಬರೀ ಹೆಸರಿನ ಬದಲು ಸ್ಲೈಸ್ ಬಂದರೆ, ಇರುವ ಲಿಸ್ಟೇ ತಿದ್ದುಪಡಿಯಾಗುತ್ತದೆ. ಆರು ನಿಲ್ದಾಣಗಳ ಪಟ್ಟಿಯ ಒಂದು ಪ್ರತಿಯಲ್ಲಿ ಫಾಸ್ಟ್[1:3] = [] ಎಂದರೆ ಮಾಟುಂಗ, ಸಾಯನ್ ಎರಡೂ ಒಮ್ಮೆಗೇ ಹೋಗುತ್ತವೆ, ಪಟ್ಟಿಯ ಉದ್ದವೂ ಕಡಿಮೆಯಾಗುತ್ತದೆ. ಆದರೆ ಫಾಸ್ಟ್[1] = [] ಎಂದರೆ ಏನೂ ಅಳಿಯುವುದಿಲ್ಲ; ಮಾಟುಂಗದ ಜಾಗದಲ್ಲಿ ಒಂದು ಖಾಲಿ ಲಿಸ್ಟ್ ಕೂರುತ್ತದೆ. ಪಟ್ಟಿಯ ಉದ್ದವನ್ನು ಪರೀಕ್ಷಿಸಿದರೆ ಈ ವ್ಯತ್ಯಾಸ ಕೂಡಲೇ ಸಿಕ್ಕಿಬೀಳುತ್ತದೆ. ಅಂಚು ಮೀರಿದಾಗಲೂ ಎರಡರ ನಡತೆ ಬೇರೆ: ಇಲ್ಲದ ಸ್ಥಾನವೊಂದಕ್ಕೆ ಅಸೈನ್ ಮಾಡಿದರೆ ಇಂಡೆಕ್ಸ್ ಎರರ್ ಬರುತ್ತದೆ, ಆದರೆ ಫಾಸ್ಟ್[50:] = ["ಠಾಣೆ"] ಎಂಬುದು ತಕರಾರಿಲ್ಲದೆ ಕೊನೆಗೆ ಸೇರಿಕೊಳ್ಳುತ್ತದೆ.

ಕೂಡು ಚಿಹ್ನೆಯ ವಿಷಯವನ್ನೂ ಇಲ್ಲಿಯೇ ನೋಡಿಬಿಡಬೇಕು. ಫಾಸ್ಟ್ = ಫಾಸ್ಟ್ + ["ಠಾಣೆ"] ಎಂಬುದು ಹೊಸ ಲಿಸ್ಟನ್ನು ಹುಟ್ಟಿಸಿ ಹೆಸರನ್ನು ಅದಕ್ಕೆ ಅಂಟಿಸುತ್ತದೆ; ಫಾಸ್ಟ್ += ["ಠಾಣೆ"] ಎಂಬುದು ಹಳೆಯ ಲಿಸ್ಟನ್ನೇ ಉದ್ದ ಮಾಡುತ್ತದೆ, ಅದಕ್ಕೆ ಬೇರೆ ಹೆಸರಿದ್ದರೆ ಅಲ್ಲಿಯೂ ಠಾಣೆ ಕಾಣಿಸುತ್ತದೆ. ಚೌಕಾವರಣ ಮರೆತು ಫಾಸ್ಟ್ += "ಠಾಣೆ" ಎಂದು ಬರೆದರೆ ಪಟ್ಟಿಗೆ ಒಂದಲ್ಲ, ನಾಲ್ಕು ಅಂಶಗಳು ಸೇರುತ್ತವೆ. ಪೈಥಾನ್ ಪಠ್ಯವನ್ನು ಯೂನಿಕೋಡ್ ಸಂಕೇತಗಳಾಗಿ ಬಿಡಿಸುವುದರಿಂದ 'ಠ', ಅದರ ದೀರ್ಘದ ಚಿಹ್ನೆ, 'ಣ', ಅದರ ಎತ್ವದ ಚಿಹ್ನೆ ಎಂದು ನಾಲ್ಕು ತುಣುಕುಗಳಾಗುತ್ತವೆ. ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಇದನ್ನು ತಪ್ಪದೆ ಒಂದು ಪರೀಕ್ಷೆಯಾಗಿ ಇಟ್ಟುಕೊಳ್ಳಬೇಕು.

ಹಲವು ಹೆಸರುಗಳಿಗೆ ಒಮ್ಮೆಗೇ ಹಂಚುವುದು

ಮೊದಲು, *ನಡುವೆ, ಕೊನೆ = ಸ್ಲೋ

ಎಂದು ಬರೆದರೆ ದಾದರ್ ಮೊದಲನೆಯದಕ್ಕೂ ಘಾಟ್ಕೋಪರ್ ಕೊನೆಯದಕ್ಕೂ ಹೋಗಿ, ಉಳಿದದ್ದೆಲ್ಲ ನಕ್ಷತ್ರ ಚಿಹ್ನೆಯ ಹೆಸರಿಗೆ ಸೇರುತ್ತದೆ. ಎರಡೇ ನಿಲ್ದಾಣಗಳಿದ್ದಾಗ 'ನಡುವೆ' ಖಾಲಿ ಲಿಸ್ಟ್ ಆಗುತ್ತದೆ, ಒಂದೇ ಇದ್ದರೆ ವ್ಯಾಲ್ಯೂ ಎರರ್ ಬರುತ್ತದೆ. ಎರಡೂ ಪ್ರಸಂಗಗಳಿಗೆ ಪರೀಕ್ಷೆ ಬೇಕು.

ಈ ಬಗೆಯ ಅಸೈನ್‌ಮೆಂಟಿನಲ್ಲಿ ಬಲಗಡೆಯ ಬೆಲೆಗಳೆಲ್ಲ ಮೊದಲು ಸಿದ್ಧವಾಗುತ್ತವೆ, ಬಳಿಕ ಎಡಗಡೆಯ ಗುರಿಗಳಿಗೆ ಎಡದಿಂದ ಬಲಕ್ಕೆ ಒಂದೊಂದಾಗಿ ಸಲ್ಲುತ್ತವೆ. 'ಸ್ಥಾನ' 0 ಆಗಿದ್ದು, 'ಅಂಕ' [0, 1] ಆಗಿದ್ದಾಗ ಸ್ಥಾನ, ಅಂಕ[ಸ್ಥಾನ] = 1, 2 ಎಂದು ಬರೆದರೆ ಅಂಕ [0, 2] ಆಗುತ್ತದೆ. ಸ್ಥಾನವು ಮೊದಲೇ 1 ಆಗಿಬಿಟ್ಟಿರುವುದೇ ಇದಕ್ಕೆ ಕಾರಣ. ಇಂತಹ ಸಾಲನ್ನು ನಿತ್ಯದ ಪ್ರೋಗ್ರಾಮಿನಲ್ಲಿ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ, ಆದರೆ ಒಮ್ಮೆ ಪರೀಕ್ಷಿಸಿ ನೋಡಿದರೆ ಕ್ರಮ ಮನಸ್ಸಿನಲ್ಲಿ ನಿಲ್ಲುತ್ತದೆ.

ದೋಷ ಬರಬೇಕಾದಲ್ಲಿ ಬರುತ್ತದೆಯೇ

ದೋಷವನ್ನು ನಿರೀಕ್ಷಿಸುವ ಪರೀಕ್ಷೆ, ದೋಷ ಬಾರದಿದ್ದರೆ ಸೋಲಬೇಕು. ಪೈಥಾನ್ ಜೊತೆಗೇ ಬರುವ 'ಯುನಿಟ್‌ಟೆಸ್ಟ್' ಮಾಡ್ಯೂಲಿನ 'ಅಸರ್ಟ್ ರೈಸಸ್' (assertRaises) ಇದನ್ನು ನೋಡಿಕೊಳ್ಳುತ್ತದೆ. ದೋಷ ಬಂದ ಮೇಲೆ ಲಿಸ್ಟ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನೂ ನೋಡುವುದು ಅಗತ್ಯ. ಜೋಡಿ = (["ದಾದರ್"], ["ಕುರ್ಲಾ"]) ಎಂಬ ಟ್ಯೂಪಲ್ ಇದ್ದಾಗ ಜೋಡಿ[0] += ["ಮಾಟುಂಗ"] ಎಂದರೆ ಟೈಪ್ ಎರರ್ ಬರುತ್ತದೆ, ಆದರೂ ಮಾಟುಂಗ ಒಳಗಿನ ಲಿಸ್ಟಿಗೆ ಸೇರಿಹೋಗಿರುತ್ತದೆ. ಲಿಸ್ಟ್ ಮೊದಲು ಉದ್ದವಾಗಿ, ಅದನ್ನು ಟ್ಯೂಪಲ್ಲಿಗೆ ಮರಳಿ ಅಸೈನ್ ಮಾಡುವ ಹೆಜ್ಜೆ ಮಾತ್ರ ಸೋಲುವುದರಿಂದ ಹೀಗಾಗುತ್ತದೆ.

ಪರೀಕ್ಷೆಗಳು ಹೆಚ್ಚಾದಂತೆ ಅವನ್ನು ಯುನಿಟ್‌ಟೆಸ್ಟ್ ಕ್ಲಾಸಿನೊಳಗೆ ಜೋಡಿಸಿ, ಸ್ಲೋ ಪಟ್ಟಿಯನ್ನು 'ಸೆಟ್‌ಅಪ್' (setUp) ಮೆಥಡ್‌ನಲ್ಲಿ ತಯಾರಿಸಿ. ಅದು ಪ್ರತಿ ಪರೀಕ್ಷೆಗೂ ಮುನ್ನ ಓಡುವುದರಿಂದ ಒಂದು ಪರೀಕ್ಷೆ ತಿದ್ದಿದ ಲಿಸ್ಟ್ ಮುಂದಿನದಕ್ಕೆ ದಾಟುವುದಿಲ್ಲ. ಎಲ್ಲ ಪರೀಕ್ಷೆಗಳೂ ಗೆದ್ದ ಮೇಲೆ, ಪ್ರತಿ ಮಾಡುವ ಸಾಲಿನಿಂದ [:] ಅಳಿಸಿ ಮತ್ತೊಮ್ಮೆ ಓಡಿಸಿ. ಆಗಲೂ ಎಲ್ಲವೂ ಗೆದ್ದರೆ, ಮುಟ್ಟದ ಲಿಸ್ಟನ್ನು ನೋಡುವ ಸಾಲು ಎಲ್ಲೋ ಬಿಟ್ಟುಹೋಗಿದೆ, ಇಲ್ಲವೇ ಆ ಮೆಥಡ್‌ನ ಹೆಸರು 'ಟೆಸ್ಟ್' ಎಂದು ಆರಂಭವಾಗದಿರುವುದರಿಂದ ಯುನಿಟ್‌ಟೆಸ್ಟ್ ಅದನ್ನು ಓಡಿಸಿಯೇ ಇಲ್ಲ.