ಕಂಪ್ಯೂಟರ್ ಸೈರನ್ ಹೊಡೆದರೆ ಆ ನಂಬರಿಗೆ ಫೋನ್ ಮಾಡಬೇಡಿ

ಏನೋ ಹುಡುಕುತ್ತಿದ್ದಾಗ ಇದ್ದಕ್ಕಿದ್ದಂತೆ ಪರದೆ ತುಂಬ ಎಚ್ಚರಿಕೆ ಮೂಡುತ್ತದೆ: ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ವೈರಸ್ ಸೇರಿದೆ, ಆಫ್ ಮಾಡಬೇಡಿ.’ ಜತೆಗೆ ಸೈರನ್ ಸದ್ದು, ಮೈಕ್ರೋಸಾಫ್ಟ್ ಲಾಂಛನ, ಕೆಳಗೊಂದು ಫೋನ್ ನಂಬರ್. ಮೋಸದ ಗುರುತು ಆ ನಂಬರೇ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ‘ನಿಮ್ಮಲ್ಲಿ ವೈರಸ್ ಇದೆ’ ಎಂದು ಕಂಪನಿ ತಾನಾಗಿ ಕರೆ ಮಾಡುವುದೂ ಇಲ್ಲ.

ಮೊದಲು ಪರದೆ ಬಿಡಿಸಿಕೊಳ್ಳಿ

ಲಾಕ್ ಆದದ್ದು ಕಂಪ್ಯೂಟರ್ ಅಲ್ಲ. ಅದು ಬರೀ ಒಂದು ವೆಬ್ ಪುಟ. ಬ್ರೌಸರನ್ನು ಫುಲ್ ಸ್ಕ್ರೀನ್ ಮಾಡಿ ಮುಚ್ಚುವ ಗುಂಡಿಯನ್ನು ಮರೆಮಾಡಿರುತ್ತದೆ. ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4 ಒತ್ತಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಬ್ರೌಸರ್ ಹೆಸರು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬ್ರೌಸರ್ ಮತ್ತೆ ತೆರೆದಾಗ ‘ರಿಸ್ಟೋರ್’ ಎಂದು ಕೇಳಿದರೆ ಒಪ್ಪಬೇಡಿ, ಅದೇ ಪುಟ ವಾಪಸ್ ಬರುತ್ತದೆ.

ಪರದೆಯ ಮೂಲೆಯಲ್ಲಿ ದಿನವೂ ‘ವೈರಸ್ ಪತ್ತೆ’ ಎಂಬ ಸೂಚನೆ ಬರುತ್ತಿದ್ದರೆ, ಸೂಚನೆ ಕಳಿಸಲು ಯಾವುದೋ ಜಾಲತಾಣಕ್ಕೆ ಎಂದೋ ‘ಅಲೋ’ (ಅನುಮತಿ) ಒತ್ತಿರುತ್ತೀರಿ. ಬ್ರೌಸರ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ.

ನೀವೇ ಹುಡುಕಿದ ನಂಬರೂ ನಕಲಿ ಇರಬಹುದು

ಪ್ರಿಂಟರ್ ಕೆಟ್ಟಿತು, ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಹುಡುಕಿದಿರಿ. ಮೇಲೆ ‘ಸ್ಪಾನ್ಸರ್ಡ್’ ಎಂದು ಬರುವುದು ಜಾಹೀರಾತು, ಅದನ್ನು ವಂಚಕರೂ ಕೊಡಬಹುದು. ಈ ದಾರಿಯಲ್ಲಿ ಸಿಕ್ಕಿಬೀಳುವುದು ಸುಲಭ, ಏಕೆಂದರೆ ಕರೆ ಮಾಡಿದವರು ನೀವೇ. ಅನುಮಾನ ಹುಟ್ಟುವುದೇ ಇಲ್ಲ. ನಂಬರನ್ನು ವಾರಂಟಿ ಕಾರ್ಡ್, ಬಿಲ್ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಿ. ‘ಬಿಲ್ ಬಾಕಿ, ಇವತ್ತು ರಾತ್ರಿ ಕರೆಂಟ್ ಕಟ್’ ಎಂದು ಮೊಬೈಲ್ ನಂಬರ್ ಸಮೇತ ಸಂದೇಶ ಬಂದರೆ ಹತ್ತಿರದ ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಕಂಪ್ಯೂಟರಿನ ಬಗ್ಗೆ ನಿಜವಾಗಿ ಅನುಮಾನವಿದ್ದರೆ ಮಂಗಳೂರಲ್ಲಾಗಲಿ ಉಡುಪಿಯಲ್ಲಾಗಲಿ ಪರಿಚಯದ ರಿಪೇರಿ ಅಂಗಡಿಗೆ ಒಯ್ಯುವುದೇ ಒಳ್ಳೆಯದು.

ಫೋನಿನಲ್ಲಿ ನಡೆಯುವುದು

ಅತ್ತಲಿನವನು ಮೊದಲು ‘ಇವೆಂಟ್ ವ್ಯೂವರ್’ ತೆರೆಸುತ್ತಾನೆ. ಅಲ್ಲಿ ಸಾಲುಸಾಲು ಕೆಂಪು, ಹಳದಿ ಗುರುತುಗಳಿರುತ್ತವೆ. ಎಲ್ಲ ವೈರಸ್ ಎನ್ನುತ್ತಾನೆ. ಹೊಚ್ಚಹೊಸ ಕಂಪ್ಯೂಟರಿನಲ್ಲೂ ಅವು ಇರುತ್ತವೆ; ಸಣ್ಣಪುಟ್ಟ ಅಡಚಣೆಗಳ ದಾಖಲೆ ಅದು.

ಹೆದರಿಸಿದ ಮೇಲೆ, ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ನೋಡಿ ನಡೆಸಬಲ್ಲ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆಪ್ ಹಾಕಿಸಿ ಅದರಲ್ಲಿ ಕಾಣುವ ಸಂಖ್ಯೆ ಕೇಳುತ್ತಾನೆ. ಆಪ್‌ಗಳು ಅಸಲಿಯೇ, ಐಟಿ ಕಂಪನಿಗಳಲ್ಲಿ ನಿತ್ಯ ಬಳಕೆಯಲ್ಲಿವೆ. ಆದರೆ ಸಂಖ್ಯೆ ಹೇಳಿ ‘ಆಕ್ಸೆಪ್ಟ್’ ಒತ್ತಿದ ಕ್ಷಣದಿಂದ ನಿಮ್ಮ ಪರದೆ ಅವನ ಕಣ್ಣೆದುರು. ಮೊಬೈಲಿನಲ್ಲಾದರೆ ಎಸ್ಸೆಮ್ಮೆಸ್‌ನಲ್ಲಿ ಬರುವ ಒಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ, ಅವನೇ ಓದಿಕೊಳ್ಳುತ್ತಾನೆ. ರಿಸರ್ವ್ ಬ್ಯಾಂಕ್ 2019ರಲ್ಲೇ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಇನ್ನೊಂದು ವಿಧಾನ ‘ರೀಫಂಡ್’. ‘500 ರೂಪಾಯಿ ವಾಪಸ್ ಹಾಕುತ್ತೇವೆ, ನೆಟ್ ಬ್ಯಾಂಕಿಂಗ್ ತೆರೆಯಿರಿ’ ಎನ್ನುತ್ತಾರೆ. ಪರದೆಯನ್ನು ಕ್ಷಣಕಾಲ ಕಪ್ಪು ಮಾಡಿ, ಬ್ರೌಸರಿನಲ್ಲಿ ಕಾಣುವ ಅಂಕಿಯನ್ನಷ್ಟೇ ತಿದ್ದಿ 50,000 ಮಾಡುತ್ತಾರೆ. ಆಮೇಲೆ ‘ತಪ್ಪಿ ಹೆಚ್ಚು ಬಂತು, ನನ್ನ ಕೆಲಸ ಹೋಗುತ್ತದೆ, ವಾಪಸ್ ಕಳಿಸಿ’ ಎಂಬ ಅಳು. ಖಾತೆಗೆ ಬಂದದ್ದು ಏನೂ ಇಲ್ಲ. ಪುಟವನ್ನು ರಿಫ್ರೆಶ್ ಮಾಡಿದರೆ ಹಳೆಯ ಮೊತ್ತವೇ ಕಾಣುತ್ತದೆ. ಯುಪಿಐ ಪಿನ್ ಕೂಡ ಹಣ ಕಳಿಸಲು ಬೇಕು, ಪಡೆಯಲು ಎಂದೂ ಬೇಡ.

ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ ಇದ್ದು, ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮ ಕರಾವಳಿಯಲ್ಲಿ ಬಹಳ. ಅಲ್ಲಿ ಒಂದು ಕಟ್ಟು ಮಾಡಿಕೊಳ್ಳಿ: ಮನೆಯವರಿಗೆ ಫೋನ್ ಮಾಡಿ ಕೇಳದೆ ಯಾರು ಹೇಳಿದರೂ ಆಪ್ ಹಾಕುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ತೆರೆದರೆ ಮೊಬೈಲಿಗೆ ಆಪ್ ಹಾಕುವ ಫೈಲ್) ತೆರೆಯುವುದೂ ಇಲ್ಲ. ‘ಯಾರಿಗೂ ಹೇಳಬೇಡಿ, ಕರೆ ಕಟ್ ಮಾಡಬೇಡಿ’ ಎಂದು ಅವನು ಒತ್ತಾಯಿಸುವುದೇ ಈ ಒಂದು ಫೋನನ್ನು ತಪ್ಪಿಸಲು.

ಕೈತಪ್ಪಿ ಹೋಗಿದ್ದರೆ

ತಕ್ಷಣ ವೈಫೈ, ಡೇಟಾ ಆಫ್ ಮಾಡಿ; ಅವನ ಹಿಡಿತ ಅಲ್ಲೇ ತಪ್ಪುತ್ತದೆ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಮೊತ್ತ, ಸಮಯ, 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ ಕೈಲಿರಲಿ. ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುವುದರಿಂದ ನಾಳೆ ನೋಡೋಣ ಎಂದರೆ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. 2017ರ ಆರ್‌ಬಿಐ ನಿಯಮದಂತೆ, ಗ್ರಾಹಕರೇ ಗುಟ್ಟು ಬಿಟ್ಟುಕೊಟ್ಟು ಆದ ನಷ್ಟ ಬ್ಯಾಂಕಿಗೆ ತಿಳಿಸುವ ತನಕ ಗ್ರಾಹಕರದು, ತಿಳಿಸಿದ ಮೇಲಾದದ್ದು ಬ್ಯಾಂಕಿನದು.

ಸಂದೇಶ, ಕರೆ ಪಟ್ಟಿಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡ ಮೇಲಷ್ಟೇ ಆಪ್ ಅಳಿಸಿ. ಮೊಬೈಲಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಅದಕ್ಕೆ ಕೊಟ್ಟ ಅನುಮತಿ ತೆಗೆಯಿರಿ. ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ಲಿಖಿತ ದೂರಿಗೆ ಮಂಗಳೂರು, ಉಡುಪಿ ಎರಡೂ ಕಡೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ.

ಕೆಲವು ವಾರ ಬಿಟ್ಟು ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂಬ ಕರೆ ಬರಬಹುದು. ನಿಮ್ಮ ನಂಬರ್ ಆ ಜಾಲದ ಪಟ್ಟಿಯಲ್ಲಿದೆ. 1930ಕ್ಕೆ ದೂರು ಕೊಡಲು ಶುಲ್ಕವಿಲ್ಲ, ಹಣ ಬಿಡಿಸಿಕೊಡಲು ಪೊಲೀಸರು ಫೋನಿನಲ್ಲಿ ದುಡ್ಡು ಕೇಳುವುದೂ ಇಲ್ಲ.