ತಲೆಬಿಸಿಗೆ ಕೌದಿ ಸೂಜಿ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಮಾರ್ಚ್ ತಿಂಗಳು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದ ಮೇಲೂ ತಲೆಯೊಳಗೆ ಲೆಕ್ಕ ಓಡುತ್ತಲೇ ಇರುತ್ತದೆ. ಧ್ಯಾನಕ್ಕೆ ಕಣ್ಣು ಮುಚ್ಚಿ ಕೂತರೆ ನನಗೆ ಆ ಲೆಕ್ಕ ಇನ್ನೂ ಜೋರಾಗುತ್ತಿತ್ತು. ಟಿವಿ ಹಚ್ಚಿದರೆ ಕೈಗೆ ಮೊಬೈಲ್ ಬರುತ್ತಿತ್ತು. ಕೊನೆಗೆ ನನಗೆ ಒಗ್ಗಿದ್ದು ಕೌದಿ, ಅಂದ್ರೆ ಹಳೆ ಬಟ್ಟೆಯ ಹೊದಿಕೆ, ಹೊಲಿಯುವುದು.

ನಮ್ಮ ಧಾರವಾಡದ ಕಡೆ ಕೌದಿ ಹೊದ್ದು ಬೆಳೆದವರೇ ಜಾಸ್ತಿ. ಹಳೆ ಸೀರೆ, ಧೋತರ ಒಳಗೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ ಹೊಲಿಯುತ್ತಾರೆ. ನನಗೆ ಕಲಿಸಿದ್ದು ದೊಡ್ಡವ್ವ. ನಾನು ಸೂಜಿ ಚುಚ್ಚುವ ರಭಸ ನೋಡಿ, "ಯಾಕವಾ, ಯಾರರ ಬೆನ್ನು ಹತ್ಯಾರೇನು? ಸಾವಕಾಶ ಹೊಲಿ" ಅಂದಿದ್ದಳು.

ಕೌದಿಗೆ ಹೊಲಿಗೆ ಒಂದೇ. ಸೂಜಿ ಕೆಳಗೆ, ಸೂಜಿ ಮೇಲೆ. ಬಲಗೈ ಚುಚ್ಚುತ್ತದೆ. ಬಟ್ಟೆಯ ಅಡಿ ಇರುವ ಎಡಗೈ ಬೆರಳಿಗೆ ಸೂಜಿಯ ತುದಿ ತಾಗುತ್ತದೆ, ಬೆರಳು ಅದನ್ನು ಮೇಲಕ್ಕೆ ತಳ್ಳುತ್ತದೆ. ನಾಲ್ಕೈದು ಹೊಲಿಗೆ ಸೂಜಿ ಮೇಲೆ ಕೂಡಿದ ಮೇಲೆ ದಾರ ಎಳೆಯಬೇಕು. ದಪ್ಪ ಬಟ್ಟೆಯೊಳಗಿಂದ ದಾರ ಸರ್‍ರಂತ ಬರುತ್ತದೆ. ಜೋರಾಗಿ ಎಳೆದರೆ ಬಟ್ಟೆ ಸುಕ್ಕು, ಸಡಿಲ ಬಿಟ್ಟರೆ ದಾರ ಜೋಲು. ಆ ಹದ ನೋಡಿಕೊಳ್ಳುವಷ್ಟು ಗಮನ ಕೈಗೆ ಕೊಡಲೇಬೇಕು. ಲೆಕ್ಕಕ್ಕೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ.

ಕಸೂತಿ ಹಾಗಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು, ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರ ಸೊಟ್ಟ. ಚಂದ ಹೌದು, ಆದರೆ ಇಡೀ ದಿನ ಅಂಕಿ ನೋಡಿದವಳಿಗೆ ರಾತ್ರಿ ಮತ್ತೆ ಎಣಿಕೆ ಯಾಕೆ? ಕೌದಿಯ ಸಾಲು ಸ್ವಲ್ಪ ಓರೆಯಾದರೂ ಯಾರೂ ಕೇಳುವುದಿಲ್ಲ.

ನಾನು ಈಗ ಹೊಲಿಯುವ ಕ್ರಮ ಮಾತ್ರ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಅವರ ಕೌದಿ ನೋಡಬೇಕು ನೀವು. ಮೊದಲೇ ಡಿಸೈನ್ ಬರೆದುಕೊಳ್ಳುವುದಿಲ್ಲ. ಅಂಚಿನ ಒಂದು ಮೂಲೆಯಿಂದ ಶುರು ಮಾಡಿ, ತುಂಡು ಇಡುತ್ತಾ, ಅದರ ಅಂಚು ಒಳಗೆ ಮಡಚುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಪುಟ್ಟ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಮುಂದಿನ ತುಂಡು ಯಾವುದು ಅಂತ ಅಲ್ಲಿಗೆ ಬಂದಾಗ ನೋಡಿದರಾಯಿತು. ನನಗಂತೂ ದೊಡ್ಡ ಆರಾಮ ಇದೇ. ತೊಡೆ ಮೇಲೆ ಹಾಕಿಕೊಂಡೇ ಹೊಲಿಯಬಹುದು, ಫ್ಲ್ಯಾಟಿನಲ್ಲಿ ಇಡೀ ಹಾಲ್ ಖಾಲಿ ಮಾಡಬೇಕಿಲ್ಲ.

ಶುರು ಮಾಡುವವರು ದೊಡ್ಡ ಹೊದಿಕೆಗೆ ಕೈ ಹಾಕಬೇಡಿ. ಕೂಸಿನ ಕೌದಿ ಸಾಕು, ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಒಳಗೆ ತೊಳೆದು ತೊಳೆದು ಮೆತ್ತಗಾದ ಕಾಟನ್ ಸೀರೆಯ ಎರಡು ಮೂರು ಪದರ, ಜಾಸ್ತಿಯಾದರೆ ಬೆರಳು ನೋಯುತ್ತದೆ. ಸಿಂಥೆಟಿಕ್ ಬೇಡ, ಜಾರುತ್ತದೆ. ಟಿ-ಶರ್ಟ್ ಬಟ್ಟೆಯೂ ಬೇಡ, ಹಿಗ್ಗುತ್ತದೆ. ಇಳಕಲ್ ಸೀರೆ ಹರಿದಿದ್ದರೆ ಅದರ ದಡಿ ಬಿಸಾಡಬೇಡಿ, ಕೌದಿಯ ಅಂಚಿಗೆ ಅದೇ ಲಕ್ಷಣ. ಉದ್ದ ಸೂಜಿ, ದಪ್ಪ ನೂಲಿನ ದಾರ. ದಾರವನ್ನು ಮೇಣದ ಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಗಂಟು ಬೀಳುವುದು ಕಡಿಮೆ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು ಅಂತರ ಇರಲಿ. ಅಂಗಡಿಗೆ ಹೋಗಿ ಬಣ್ಣದ ಕಿಟ್ ತರುವ ಆಸೆ ಬರುತ್ತದೆ, ತಡೆದುಕೊಳ್ಳಿ. ದುಡ್ಡು ಕೊಟ್ಟು ತಂದಿದ್ದು ಮುಗಿಸಲೇಬೇಕು ಅನ್ನಿಸಿ ಅದೂ ಒಂದು ಕೆಲಸವಾಗಿಬಿಡುತ್ತದೆ.

ಸೂಜಿ ಎಲ್ಲಕ್ಕೂ ಮದ್ದಲ್ಲ ಅನ್ನುವುದೂ ಗೊತ್ತಿರಲಿ. ವಾರಗಟ್ಟಲೆ ನಿದ್ದೆ ಇಲ್ಲ, ಅಳು ನಿಲ್ಲುತ್ತಿಲ್ಲ ಅಂದ್ರೆ ಡಾಕ್ಟರ್ ಹತ್ತಿರ ಹೋಗಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಗೇ, ಬಗ್ಗಿ ಕೂತು ತುಂಬ ಹೊತ್ತು ಹೊಲಿದರೆ ಕುತ್ತಿಗೆ ಹಿಡಿಯುತ್ತದೆ. ನಡುನಡುವೆ ಎದ್ದು ಓಡಾಡಿ.

ನನ್ನ ಕೌದಿ ನೋಡಿದ ಆಫೀಸಿನ ಗೆಳತಿ, "ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮಾರು, ಒಳ್ಳೆ ರೇಟ್ ಸಿಗುತ್ತೆ" ಅಂದಳು. ಸಿಗಬಹುದು. ಆದರೆ ಆರ್ಡರ್ ತಗೊಂಡರೆ ತಾರೀಖು ಬರುತ್ತದೆ, ಅದರ ಹಿಂದೆಯೇ "ಆಯ್ತಾ ಮೇಡಂ?" ಅಂತ ಫೋನ್ ಬರುತ್ತದೆ. ಮಾರುವುದಿಲ್ಲ ಅಂದೆ. ಬೇಕಿದ್ದರೆ ನಿನ್ನ ಹಳೆ ಸೀರೆ ತಗೊಂಡು ಭಾನುವಾರ ಬಾ, ಕೂತು ಹೊಲಿಯೋಣ ಅಂದಿದ್ದೇನೆ.